ಶಾಲೆ ಮುಗಿದ ಮೇಲೆ ಹೆಸರು ಬದಲಾವಣೆ: ಭಾರತದ ರಾಜಪತ್ರದ ಸೇವೆ ಹೇಗಿದೆ?

ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರು ಒಮ್ಮೆ ಅಚ್ಚಾಯಿತೆಂದರೆ ಮುಂದೆ ಕಾಲೇಜು, ಪಾಸ್‌ಪೋರ್ಟ್, ನೌಕರಿ ಎಲ್ಲ ಕಡೆಯೂ ಅದನ್ನೇ ಕೇಳುತ್ತಾರೆ. ಬದಲಿಸಲು ಹೊರಟವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: 'ಗೆಜೆಟ್ ಮಾಡಿಸಿ'. ಅಂದರೆ ಸರ್ಕಾರದ ಅಧಿಕೃತ ಪತ್ರಿಕೆಯಾದ ರಾಜಪತ್ರದಲ್ಲಿ (ಗೆಜೆಟ್) ಹೆಸರು ಬದಲಾವಣೆಯನ್ನು ಪ್ರಕಟಿಸಿಕೊಳ್ಳಿ ಎಂದು. ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಕೇಂದ್ರ ಸರ್ಕಾರದ ಪ್ರಕಟಣಾ ಇಲಾಖೆ ಕೊಡುವ ಈ ಸೇವೆ ನಿಜಕ್ಕೂ ಒಳ್ಳೆಯದು. ವಿಚಾರಣೆ ಇಲ್ಲ, ವಕೀಲರು ಬೇಡ, ಅಂಚೆಯಲ್ಲೇ ಮುಗಿಸಿಕೊಳ್ಳಬಹುದು. ಆದರೆ ಅದು ಏನು ಮಾಡುವುದಿಲ್ಲ ಎಂಬುದನ್ನು ತಿಳಿಯದೆ ದುಡ್ಡು ಕಟ್ಟಬೇಡಿ.

ಮೊದಲು ಶಾಲೆಗೆ ಹೋಗಿ ಅಡ್ಮಿಷನ್ ರಿಜಿಸ್ಟರ್ ನೋಡಿ. ಅಲ್ಲಿ ಹೆಸರು ಸರಿಯಾಗಿದ್ದು ಮಾರ್ಕ್ಸ್ ಕಾರ್ಡ್‌ನಲ್ಲಿ ಮಾತ್ರ ಒಂದು ಅಕ್ಷರ ಬಿಟ್ಟುಹೋಗಿದ್ದರೆ ಅದು ತಿದ್ದುಪಡಿ. ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು, ಗೆಜೆಟ್ ಗೊಡವೆ ಬೇಡ. ರಿಜಿಸ್ಟರಿನಲ್ಲೂ ಹಳೆಯ ಹೆಸರೇ ಇದ್ದರೆ ಅದು ಬದಲಾವಣೆ. ಈ ವ್ಯತ್ಯಾಸ ಗೊತ್ತಿಲ್ಲದೆ ಬರೀ ತಿದ್ದುಪಡಿಗೂ ಗೆಜೆಟ್ ಖರ್ಚು ಮಾಡಿಕೊಂಡವರು ಬಹಳ ಮಂದಿ.

ಕೆಲಸ ಶುರುವಾಗುವುದು ಅಫಿಡವಿಟ್‌ನಿಂದ. ಹಳೆಯ ಹೆಸರು, ಹೊಸ ಹೆಸರು, ತಂದೆಯ ಹೆಸರು, ವಿಳಾಸ, ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ಮಾತು ಇಷ್ಟನ್ನು ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಬೇಕು. ಅದಾದ ಮೇಲೆ ಪತ್ರಿಕೆಯಲ್ಲಿ ಜಾಹೀರಾತು. ಒಂದು ಇಂಗ್ಲಿಷ್, ಒಂದು ಕನ್ನಡ ಪತ್ರಿಕೆಯಲ್ಲಿ ಹಾಕಿಸಿಕೊಂಡರೆ ಮುಂದೆ ಬೇರೆ ಕಚೇರಿಗಳಲ್ಲೂ ಉಪಯೋಗ. ಜಾಹೀರಾತಿನಲ್ಲಿ ಅಫಿಡವಿಟ್‌ನ ದಿನಾಂಕ ಇರಬೇಕಾದ್ದರಿಂದ ಈ ಕ್ರಮ ತಿರುವುಮುರುವು ಆಗುವಂತಿಲ್ಲ. ಪತ್ರಿಕೆಯ ತುಣುಕು ಕತ್ತರಿಸಿ ಇಡಬೇಡಿ. ಪತ್ರಿಕೆಯ ಹೆಸರು, ದಿನಾಂಕ ಕಾಣುವ ಇಡೀ ಸಂಚಿಕೆಯ ಮೂರ್ನಾಲ್ಕು ಪ್ರತಿ ಅದೇ ದಿನ ಕೊಂಡುಬಿಡಿ. ವಾರ ಕಳೆದರೆ ಸಿಗುವುದು ಕಷ್ಟ.

ಮೂರನೆಯದು ಇಲಾಖೆಯ ನಮೂನೆ. ವಯಸ್ಕರಿಗೂ 18 ತುಂಬದವರಿಗೂ ನಮೂನೆ ಬೇರೆ, ಶುಲ್ಕವೂ ಬೇರೆ. ಅಪ್ರಾಪ್ತರ ಪರವಾಗಿ ತಂದೆತಾಯಿ ಸಹಿ ಮಾಡಬೇಕು. ಇಬ್ಬರು ಸಾಕ್ಷಿಗಳ ಹೆಸರು, ವಿಳಾಸ, ಸಹಿ ಬೇಕು. ಎಲ್ಲರೂ ಎಡವುವುದು ಅರ್ಜಿದಾರರ ಸಹಿಯಲ್ಲಿ: ಅದು ಹಳೆಯ ಹೆಸರಿನಲ್ಲೇ ಇರಬೇಕು. ಹೊಸ ಹೆಸರಿನ ಹುಮ್ಮಸ್ಸಿನಲ್ಲಿ ಹೊಸ ಸಹಿ ಹಾಕಿದರೆ ಅರ್ಜಿ ವಾಪಸ್. ನಮೂನೆಯಲ್ಲಿರುವ ವಿಷಯವನ್ನೇ ವರ್ಡ್ ಕಡತದಲ್ಲಿ ಟೈಪ್ ಮಾಡಿ ಸಿ.ಡಿ.ಯಲ್ಲಿ ಕೊಡುವ ಪದ್ಧತಿ. ಆ ಕಡತದಲ್ಲಿ ಸಾಕ್ಷಿಗಳ ಭಾಗ ಇರಕೂಡದು, ಸಹಿಯ ಜಾಗದಲ್ಲಿ ಹಳೆಯ ಹೆಸರನ್ನು ಟೈಪ್ ಮಾಡಬೇಕು. ಕಾಗದದ ಪ್ರತಿ, ಕಡತ ಎರಡೂ ಒಂದೇ ಎಂಬ ದೃಢೀಕರಣ, ಸ್ವಯಂ ದೃಢೀಕರಿಸಿದ ಎರಡು ಫೋಟೊ, ಗುರುತಿನ ಚೀಟಿಯ ನಕಲು, ಶುಲ್ಕ ಕಟ್ಟಿದ ರಸೀದಿ ಜೊತೆಗಿರಲಿ. ಶುಲ್ಕವನ್ನು ಸರ್ಕಾರದ ಭಾರತ್‌ಕೋಶ್ ಜಾಲತಾಣದಲ್ಲಿ ಕಟ್ಟಬಹುದು. ಸರ್ಕಾರಿ ಜಾಲತಾಣದ ಹಾಗೆಯೇ ಕಾಣುವ ಖಾಸಗಿ ತಾಣಗಳು ಬಹಳ ಇವೆ, ಹುಷಾರು. ನಮೂನೆಯನ್ನು ಇಲಾಖೆಯ ತಾಣದಿಂದಲೇ, ಕಳಿಸುವ ವಾರದಲ್ಲೇ ಇಳಿಸಿಕೊಳ್ಳಿ.

ಅಫಿಡವಿಟ್, ಜಾಹೀರಾತು, ನಮೂನೆ, ಕಡತ ಈ ನಾಲ್ಕರಲ್ಲೂ ಹೊಸ ಹೆಸರಿನ ಇಂಗ್ಲಿಷ್ ಅಕ್ಷರ, ಚುಕ್ಕಿ, ಖಾಲಿ ಜಾಗ ಒಂದೇ ಥರ ಇರಬೇಕು. ನಮ್ಮ ಕಡೆಯವರಿಗೆ ಇನಿಷಿಯಲ್ಲೇ ದೊಡ್ಡ ತೊಡಕು. ಪಾಸ್‌ಪೋರ್ಟ್ ಅರ್ಜಿ ಇನಿಷಿಯಲ್ ಬಿಡಿಸಿ ಬರೆಯಲು ಹೇಳುತ್ತದೆ. ಆದ್ದರಿಂದ ಗೆಜೆಟ್‌ನಲ್ಲೇ 'ಮಂಜುನಾಥ ಕೆ.' ಬದಲು ಆ 'ಕೆ.' ಊರೋ ತಂದೆಯ ಹೆಸರೋ ಎಂದು ತೀರ್ಮಾನಿಸಿ ಪೂರ್ತಿ ಬರೆಸಿ. ಇಲ್ಲದಿದ್ದರೆ ಎರಡೇ ವರ್ಷದಲ್ಲಿ ಇನ್ನೊಂದು ಗೆಜೆಟ್ ಬೇಕಾದೀತು.

ಪ್ರಕಟಣೆ ಬರುವುದು ವಾರದ ರಾಜಪತ್ರದ 4ನೇ ಭಾಗದಲ್ಲಿ, ಶನಿವಾರದ ಸಂಚಿಕೆಯಲ್ಲಿ. 2015ರ ಅಕ್ಟೋಬರ್‌ನಿಂದ ಮುದ್ರಿತ ಪ್ರತಿ ಇಲ್ಲ. ಡಿಜಿಟಲ್ ಸಹಿಯಿರುವ ಪಿಡಿಎಫ್ ಇ-ಗೆಜೆಟ್ ತಾಣದಲ್ಲಿ ಉಚಿತ. ವಾರದ ಸಂಚಿಕೆ ತೆರೆದು ಪುಟ ಪುಟ ನೋಡುತ್ತಾ ಹೋಗಬೇಕು, ಇದೊಂದು ತಾಳ್ಮೆಯ ಕೆಲಸ. ನಿಮ್ಮ ಹೆಸರಿರುವ ಪುಟದ ಜೊತೆ ದಿನಾಂಕ, ಸಂಚಿಕೆ ಸಂಖ್ಯೆಯಿರುವ ಮೊದಲ ಪುಟವನ್ನೂ ಉಳಿಸಿಕೊಳ್ಳಿ. ಒಂಟಿ ಪುಟವನ್ನು ಕಚೇರಿಗಳು ನಂಬುವುದಿಲ್ಲ.

ಇನ್ನು ಮುಖ್ಯವಾದ ಮಾತು. ಇದು ಪ್ರಕಟಣೆಯಷ್ಟೇ, ಪ್ರಮಾಣಪತ್ರವಲ್ಲ. ಪ್ರಕಟಣೆಯ ಕಾನೂನು ಹೊಣೆ ಇಲಾಖೆಯದಲ್ಲ, ಪ್ರಕಟಣೆ ಕೊಟ್ಟವರದೇ ಎಂದು ಆ ಭಾಗದಲ್ಲೇ ಅಚ್ಚಾಗಿರುತ್ತದೆ. ಮಾರ್ಕ್ಸ್ ಕಾರ್ಡ್ ತಾನಾಗಿ ಬದಲಾಗುವುದಿಲ್ಲ. ಸಿಬಿಎಸ್‌ಇ ಪ್ರಮಾಣಪತ್ರಗಳ ಪ್ರಕರಣದಲ್ಲಿ 2021ರ ಜೂನ್ 3ರಂದು ಸುಪ್ರೀಂ ಕೋರ್ಟ್, ಹೆಸರು ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದಿತು. ಜೊತೆಗೆ, ಇಷ್ಟದ ಹೊಸ ಹೆಸರಿಗಾದರೆ ನ್ಯಾಯಾಲಯದ ಅನುಮತಿ ಅಥವಾ ಘೋಷಣೆ, ಗೆಜೆಟ್ ಪ್ರಕಟಣೆ, ಹಳೆಯ ಪ್ರಮಾಣಪತ್ರ ಒಪ್ಪಿಸುವುದು ಇವನ್ನು ಮಂಡಳಿ ಕೇಳಬಹುದು, ಹಳೆಯ ನಮೂದನ್ನೂ ಉಳಿಸಿಕೊಳ್ಳಬಹುದು ಎಂದಿತು. ಹೊಸ ಹೆಸರು ತನ್ನದೇ ಎಂದು ನ್ಯಾಯಾಲಯದಿಂದ ಘೋಷಿಸಿಕೊಳ್ಳುವ ಘೋಷಣಾ ದಾವೆಗೆ ಆಧಾರ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಂ. ಅಲ್ಲಿಗೆ ವಕೀಲರು ಬೇಕು, ಸಮಯವೂ ಹಿಡಿಯುತ್ತದೆ. ಮಾರ್ಕ್ಸ್ ಕಾರ್ಡ್ ಹಾಗೆಯೇ ಇದ್ದರೂ ಪರವಾಗಿಲ್ಲ, ಗೆಜೆಟ್ ಜೊತೆಗಿಟ್ಟು ತೋರಿಸುತ್ತೇವೆ ಎನ್ನುವವರಿಗೆ ಈ ಸೇವೆ ಸಾಕು.

ಗೆಜೆಟ್‌ನ ಪಿಡಿಎಫ್ ಕೈಗೆ ಬಂದ ಮೇಲೆ ಮೊದಲು ಆಧಾರ್, ಆಮೇಲೆ ಪ್ಯಾನ್, ಬ್ಯಾಂಕ್, ಕೊನೆಗೆ ಪಾಸ್‌ಪೋರ್ಟ್. ಆಧಾರ್‌ನಲ್ಲಿ ಹೆಸರು ಬದಲಾವಣೆಗೆ ಜೀವಮಾನದಲ್ಲಿ ಎರಡೇ ಅವಕಾಶ, ಹಾಗಾಗಿ ಸೇವಾ ಕೇಂದ್ರದ ಪರದೆಯ ಮೇಲೆ ಅಕ್ಷರ ಅಕ್ಷರ ಓದಿ ಒಪ್ಪಿಗೆ ಕೊಡಿ. ಗೆಜೆಟ್ ಜೊತೆ ಹಳೆಯ ಹೆಸರಿನ, ಫೋಟೊ ಇರುವ ಗುರುತಿನ ಚೀಟಿಯನ್ನೂ ಅಲ್ಲಿ ಕೇಳುತ್ತಾರೆ. ಆ ಕೆಲಸ ಮುಗಿಯುವವರೆಗೆ ಹಳೆಯ ಚೀಟಿಗಳನ್ನು ಎಲ್ಲೂ ಒಪ್ಪಿಸಬೇಡಿ.