ತಿಂಗಳಿಗೆ 26 ದಿನ ತಲೆನೋವು: ನಾನು ಹೋಲಿಸಿ ನೋಡಿದ ಮದ್ದುಗಳು

ನಮ್ಮ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಮೊದಲು ಹಾಲಿನ ಲೆಕ್ಕ ಮಾತ್ರ ಇರುತ್ತಿತ್ತು. ಮೂರು ವರ್ಷದಿಂದ ಅದರ ಪಕ್ಕದಲ್ಲಿ ನನ್ನ ತಲೆನೋವಿನ ಲೆಕ್ಕವೂ ಇದೆ. ತಲೆ ಭಾರವಿದ್ದರೂ ಕೆಲಸಕ್ಕೆ ಹೋದ ದಿನ ಒಂದು ಚುಕ್ಕೆ. ಕಿಟಕಿ ಮುಚ್ಚಿ ಮಲಗಿಬಿಟ್ಟ ದಿನ ಅಡ್ಡಗೆರೆ. ನೋವಿನ ಮಾತ್ರೆ ನುಂಗಿದ ದಿನ ತಾರೀಖಿನ ಸುತ್ತ ಒಂದು ಸೊನ್ನೆ.

ಇದನ್ನು ಶುರು ಮಾಡಿಸಿದ್ದು ಚಿಕ್ಕಮಗಳೂರಿನ ನಮ್ಮ ಮಾಮೂಲಿ ಡಾಕ್ಟರು. "ತಿಂಗಳಿಗೆ ಎಷ್ಟು ದಿನ ಬರುತ್ತಮ್ಮ?" ಅಂತ ಕೇಳಿದರು. "ಯಾವಾಗಲೂ ಇರುತ್ತೆ ಸಾರ್" ಅಂದೆ. "ಹಾಗಲ್ಲ, ಒಂದು ತಿಂಗಳು ಬರೆದುಕೊಂಡು ಬನ್ನಿ" ಅಂದರು. ಬರೆದೆ. 26 ದಿನ ನೋವು. ಅದರಲ್ಲಿ 9 ದಿನ ಮಲಗಿದ್ದೆ. 22 ದಿನ ಮಾತ್ರೆ ನುಂಗಿದ್ದೆ. ಆ ಮೂರನೇ ಅಂಕಿಯೇ ಎಲ್ಲಕ್ಕಿಂತ ಮುಖ್ಯ ಅಂತ ಗೊತ್ತಾಗಲು ನನಗೆ ಇನ್ನೂ ಒಂದೂವರೆ ವರ್ಷ ಬೇಕಾಯಿತು.

ನಾನು ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ, ಅಂದರೆ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆಯಲ್ಲಿ, ಲೆಕ್ಕ ಬರೆಯುವವಳು. ವಯಸ್ಸು 43. ಅರೆತಲೆನೋವು, ಅಂದರೆ ಮೈಗ್ರೇನ್, ಹದಿಹರೆಯದಿಂದಲೂ ಇತ್ತು. ಆಗ ತಿಂಗಳಿಗೆ ಒಂದೋ ಎರಡೋ ಸಲ ಬಂದು ಹೋಗುತ್ತಿತ್ತು. ದಿನಾ ಬರಲು ಶುರುವಾಗಿದ್ದು ನಾಲ್ಕು ವರ್ಷದ ಹಿಂದೆ. ಅಲ್ಲಿಂದ ಏನೇನು ಮಾಡಿದೆ, ಯಾವುದರಿಂದ ಎಷ್ಟು ದಿನ ಕಡಿಮೆಯಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನಂಥವರು ತುಂಬಾ ಜನ ಇದ್ದಾರೆ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಜನರನ್ನು ಮನೆಮನೆಗೆ ಹೋಗಿ ಕೇಳಿದ ಒಂದು ಸಮೀಕ್ಷೆ 2014ರಲ್ಲಿ ಪ್ರಕಟವಾಗಿತ್ತು. ನೂರಕ್ಕೆ 25 ಜನರಿಗೆ ಮೈಗ್ರೇನ್ ಇತ್ತು. ನೂರಕ್ಕೆ 3 ಜನರಿಗೆ ತಿಂಗಳಿಗೆ 15 ದಿನ ಅಥವಾ ಅದಕ್ಕೂ ಜಾಸ್ತಿ ತಲೆನೋವು. ನೂರು ಜನ ಕೆಲಸ ಮಾಡುವ ಜಾಗದಲ್ಲಿ ನಾನೊಬ್ಬಳೇ ಅಲ್ಲ ಅಂತಾಯಿತು.

ಕನ್ನಡಕ ಮತ್ತು ಸೈನಸ್ ವಿಷಯ ಬೇಗ ಮುಗಿಸುತ್ತೇನೆ. ಕನ್ನಡಕ ಹಾಕಿಸಿದೆ. ಸಂಜೆ ಹೊತ್ತಿನ ಕಣ್ಣುರಿ ಹೋಯಿತು, ತಲೆನೋವು ಹೋಗಲಿಲ್ಲ. ಸೈನಸ್ ಅಂತ ಎರಡು ಸಲ ಆಂಟಿಬಯಾಟಿಕ್ ಕೋರ್ಸ್ ಮುಗಿಸಿದೆ. ಏನೂ ಆಗಲಿಲ್ಲ. ಮೈಗ್ರೇನ್ ಬಂದಾಗಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆನ್ನೆಯ ಮೂಳೆ ನೋಯುತ್ತದೆ. ಅಮೆರಿಕದಲ್ಲಿ ತಮಗೆ ಸೈನಸ್ ತಲೆನೋವು ಅಂತ ನಂಬಿದ್ದ 2,991 ಜನರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 88 ಜನರದ್ದು ಮೈಗ್ರೇನ್ ಲಕ್ಷಣವೇ ಆಗಿತ್ತು. ಆ ವರದಿ ಬಂದಿದ್ದು 2004ರಲ್ಲಿ. ಮೂಗಿನಿಂದ ಹಳದಿ ಸಿಂಬಳ, ಜ್ವರ ಇಲ್ಲದೆ ಬರೀ ನೋವು ಮಾತ್ರ ಇದ್ದರೆ ಸೈನಸ್ ಅನ್ನುವ ಮಾತನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಬೇಡಿ.

ಮನೆ ಮದ್ದಿನಲ್ಲಿ ನಮ್ಮತ್ತೆಯದು ಎತ್ತಿದ ಕೈ. ಒಣಶುಂಠಿ ತೇಯ್ದು ಹಣೆಗೆ ಪಟ್ಟು ಹಾಕುತ್ತಾರೆ. ತುಂಬೆ ಸೊಪ್ಪಿನ ರಸ ಹಿಂಡಿ ಮೂಗಿಗೆ ಎರಡು ಹನಿ ಬಿಡುತ್ತಾರೆ. ಶುಂಠಿ ಪಟ್ಟು ಉರಿಯುತ್ತದೆ, ಆ ಉರಿಯಲ್ಲಿ ಒಳಗಿನ ನೋವು ಅರ್ಧ ಗಂಟೆ ಹಿಂದೆ ಸರಿದ ಹಾಗೆ ಆಗುತ್ತದೆ. ಸಣ್ಣ ನೋವಿಗೆ ಅಷ್ಟು ಸಾಕಾಗುತ್ತಿತ್ತು. ತುಂಬೆ ರಸ ಮಾತ್ರ ನನಗೆ ಆಗಲಿಲ್ಲ. ಮೂಗು ಉರಿದು ಸೀನು ಬಂತು, ಸೀನಿದಷ್ಟೂ ತಲೆ ಸಿಡಿಯಿತು. ಆದರೆ ನೋವಿನ ಹೊತ್ತಲ್ಲಿ ಅತ್ತೆ ಬಾಗಿಲು ಮುಂದೆ ಮಾಡಿ, ಟಿವಿ ನಿಲ್ಲಿಸಿ, ಮಕ್ಕಳನ್ನು ಅಂಗಳಕ್ಕೆ ಕಳಿಸುತ್ತಿದ್ದರಲ್ಲ, ಅದರ ಉಪಕಾರ ದೊಡ್ಡದು. ಕತ್ತಲೆ ಮತ್ತು ಸದ್ದಿಲ್ಲದ ಕೋಣೆ ಮೈಗ್ರೇನಿಗೆ ನಿಜವಾಗಿಯೂ ಬೇಕು.

ಮೊದಲ ಡಾಕ್ಟರು ಫ್ಲೂನಾರಿಜಿನ್ ಕೊಟ್ಟರು, ರಾತ್ರಿ ಒಂದು. ಇದು ನೋವು ಬಂದಾಗ ನುಂಗುವ ಮಾತ್ರೆ ಅಲ್ಲ, ಬರದ ಹಾಗೆ ತಡೆಯಲು ದಿನಾ ನುಂಗುವುದು. ಮೂರು ತಿಂಗಳು ತೆಗೆದುಕೊಂಡೆ. ಕ್ಯಾಲೆಂಡರಿನಲ್ಲಿ 26 ಇದ್ದದ್ದು 21ಕ್ಕೆ ಇಳಿಯಿತು. ಮಲಗುವ ದಿನಗಳು 9ರಿಂದ 6ಕ್ಕೆ ಬಂದವು. ಆದರೆ ಬೆಳಗ್ಗೆ ಹನ್ನೊಂದರವರೆಗೂ ತೂಕಡಿಕೆ. ಹಸಿವು ಜಾಸ್ತಿಯಾಗಿ ನಾಲ್ಕು ಕಿಲೋ ತೂಕ ಏರಿತು. ಆಮೇಲೆ ಬೇರೊಬ್ಬ ಡಾಕ್ಟರು ಟೋಪಿರಾಮೇಟ್ ಬರೆದರು. ಅದರಿಂದ ತೂಕ ಏರುವುದಿಲ್ಲ, ಇಳಿಯುತ್ತದೆ. ನನಗೆ ಬೆರಳ ತುದಿಯಲ್ಲಿ ಜುಮುಜುಮು ಶುರುವಾಯಿತು. ಅದನ್ನು ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಮಾತು ಮರೆಯುವುದು. "ಆ ಚೀಲ, ಆ ಚೀಲ" ಅನ್ನುತ್ತಾ ನಿಲ್ಲುತ್ತಿದ್ದೆ, ಒಳಸಿಪ್ಪೆ ಇರುವ ಕಾಫಿ ಬೀಜಕ್ಕೆ ಹೇಳುವ ಪಾರ್ಚ್‌ಮೆಂಟ್ ಅನ್ನುವ ಪದ ಬಾಯಿಗೇ ಬರುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ದಿನಾ ಬರೆಯುವ ಪದ ಅದು. ಲೆಕ್ಕದ ಕೆಲಸದಲ್ಲಿ ಇದು ಭಯ ಹುಟ್ಟಿಸುತ್ತದೆ. ಐದನೇ ವಾರಕ್ಕೆ ಡಾಕ್ಟರನ್ನು ಕೇಳಿ ಬಿಟ್ಟೆ. ಅಷ್ಟು ಕಡಿಮೆ ದಿನದಲ್ಲಿ ಅದರ ಗುಣ ಹೇಳುವುದು ನ್ಯಾಯವಲ್ಲ, ಹಾಗಾಗಿ ಅದಕ್ಕೆ ಅಂಕಿ ಕೊಡುವುದಿಲ್ಲ. ನಮ್ಮ ಆಫೀಸಿನ ಇನ್ನೊಬ್ಬರಿಗೆ ಪ್ರೊಪ್ರನೊಲಾಲ್ ಚೆನ್ನಾಗಿ ಹಿಡಿಸಿದೆ. ನನಗೆ ಚಿಕ್ಕಂದಿನಿಂದ ಉಬ್ಬಸ ಇದೆ, ಉಬ್ಬಸ ಇರುವವರಿಗೆ ಆ ಮಾತ್ರೆ ಕೊಡುವುದಿಲ್ಲ. ಒಬ್ಬರಿಗೆ ಒಳ್ಳೆಯದಾಯಿತು ಅಂತ ಅವರ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಕೊಳ್ಳಬೇಡಿ.

ಆಯುರ್ವೇದಕ್ಕೆ ಹಾಸನಕ್ಕೆ ಹೋದೆ. ಒಂದು ಆಸ್ಪತ್ರೆಯಲ್ಲಿ ಏಳು ದಿನ ಒಳರೋಗಿಯಾಗಿ ಇದ್ದು ನಸ್ಯ ಮತ್ತು ಶಿರೋಧಾರೆ ಮಾಡಿಸಿದೆ. ನಸ್ಯದಲ್ಲಿ ಮೊದಲು ಮುಖಕ್ಕೆ ಎಣ್ಣೆ ತೀಡಿ ಹಬೆ ಕೊಟ್ಟು, ಆಮೇಲೆ ಮೂಗಿಗೆ ಔಷಧದ ಎಣ್ಣೆ ಬಿಡುತ್ತಾರೆ. ಶಿರೋಧಾರೆಯಲ್ಲಿ ಹಣೆಯ ಮೇಲೆ ಬೆಚ್ಚಗಿನ ಎಣ್ಣೆ ಒಂದೇ ಸಮನೆ ಸುರಿಯುತ್ತಾ ಇರುತ್ತದೆ. ಅಷ್ಟು ಗಾಢವಾದ ನಿದ್ದೆ ನಾನು ಹಲವು ವರ್ಷದಿಂದ ಕಂಡಿರಲಿಲ್ಲ. ಆ ತಿಂಗಳು 14 ದಿನ ಮಾತ್ರ ನೋವು! ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಮುಂದಿನ ತಿಂಗಳು 19, ಅದರ ಮುಂದಿನ ತಿಂಗಳು 24.

ಆಗ ಬೇಸರವಾಗಿ ಆಯುರ್ವೇದ ಕೈಕೊಟ್ಟಿತು ಅಂದುಕೊಂಡೆ. ಈಗ ಹಾಗೆ ಹೇಳಲಾರೆ. ಆ ಏಳು ದಿನ ವೈದ್ಯರು ನೋವಿನ ಮಾತ್ರೆ ಮುಟ್ಟಲು ಬಿಟ್ಟಿರಲಿಲ್ಲ. ಕಾಫಿಯೂ ಇರಲಿಲ್ಲ. ಒಂಬತ್ತಕ್ಕೆ ಮಲಗುತ್ತಿದ್ದೆ, ಹೊತ್ತಿಗೆ ಸರಿಯಾಗಿ ಊಟ ಬರುತ್ತಿತ್ತು, ಅಡುಗೆಯ ಯೋಚನೆ ಇರಲಿಲ್ಲ. ಎಣ್ಣೆ ಎಷ್ಟು ಕೆಲಸ ಮಾಡಿತು, ಮಾತ್ರೆ ಬಿಟ್ಟಿದ್ದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ನೋಡುವ ದಾರಿ ನನ್ನ ಹತ್ತಿರ ಇಲ್ಲ. ಊರಿಗೆ ಬಂದ ಮೇಲೆ ಆ ಎರಡು ತಿಂಗಳಲ್ಲಿ ಸೊನ್ನೆಗಳು ಮತ್ತೆ ಏರಿದ್ದು ಮಾತ್ರ ಕ್ಯಾಲೆಂಡರಿನಲ್ಲಿ ಎದ್ದು ಕಾಣುತ್ತದೆ.

ಆ ಹಾಳೆಗಳನ್ನೇ ಹಿಡಿದುಕೊಂಡು ನರರೋಗ ತಜ್ಞರ ಹತ್ತಿರ ಹೋದೆ. ಅವರು ಚುಕ್ಕೆ, ಅಡ್ಡಗೆರೆ ಬಿಟ್ಟು ಮೊದಲು ಸೊನ್ನೆ ಎಣಿಸಿದರು. "ನಿಮಗೆ ಮೈಗ್ರೇನ್ ಇರುವುದು ನಿಜ. ಆದರೆ ಅದನ್ನು ದಿನಾ ಬರುವ ಹಾಗೆ ಮಾಡಿರುವುದು ಈ ಮಾತ್ರೆಗಳು" ಅಂದರು. ನನಗೆ ಕಣ್ಣೀರು ಬಂತು. ನೋವು ತಾಳಲಾರದೆ ನುಂಗಿದ್ದು ಅಲ್ವಾ? ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ತಲೆನೋವು ಇರುವವರು ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು ದಿನ, ಮೂರು ತಿಂಗಳಿಗಿಂತ ಜಾಸ್ತಿ ಕಾಲ ನುಂಗಿದರೆ ಆ ಮಾತ್ರೆಯೇ ತಲೆನೋವು ತರಲು ಶುರು ಮಾಡಬಹುದು. ಎರಡು ಮೂರು ಔಷಧ ಬೆರೆಸಿದ ಮಾತ್ರೆಯಾದರೆ, ಮೈಗ್ರೇನಿಗೇ ಅಂತ ಇರುವ ಟ್ರಿಪ್ಟಾನ್ ಆದರೆ, 10 ದಿನವೇ ಗಡಿ. ನಾನು ನುಂಗುತ್ತಿದ್ದದ್ದು ಪ್ಯಾರಾಸಿಟಮಾಲ್ ಜೊತೆ, ಕಾಫಿಯಲ್ಲೂ ಇರುವ ಕೆಫೀನ್ ಬೆರೆಸಿದ್ದು. ಅಂಗಡಿಯಲ್ಲಿ ಚೀಟಿ ಇಲ್ಲದೆ ಬಿಡಿಯಾಗಿ ಸಿಗುವಂಥದ್ದು. ಅದರ ಪ್ರಭಾವ ಇಳಿಯುತ್ತಿದ್ದ ಹಾಗೆ ನೋವು ಬರುತ್ತದೆ, ಇನ್ನೊಂದು ನುಂಗುತ್ತೇವೆ, ಅದು ಇಳಿದಾಗ ಮತ್ತೆ ಬರುತ್ತದೆ. ಮಾತ್ರೆ ಹೀಗೆ ಜಾಸ್ತಿಯಾದಾಗ ತಡೆಯುವ ಔಷಧವೂ ಪೂರ್ತಿ ಕೆಲಸ ಮಾಡದೆ ಇರಬಹುದು ಅಂದರು. ಫ್ಲೂನಾರಿಜಿನ್ ಅರ್ಧಂಬರ್ಧ ಹಿಡಿಸಿದ್ದು ಬಹುಶಃ ಇದಕ್ಕೇ.

ಆ ನೋವಿನ ಮಾತ್ರೆ ಬಿಡುವುದಕ್ಕೆ ಆಷಾಢ ಆರಿಸಿಕೊಂಡೆ. ಆ ಹೊತ್ತಿಗೆ ವರ್ಕ್ಸ್‌ನಲ್ಲಿ ಕೆಲಸ ಕಡಿಮೆ, ಹೊರಗೆ ಮಳೆ, ಬಿಸಿಲಿನ ಕಾಟ ಇಲ್ಲ. ಎರಡನೇ ದಿನದಿಂದ ಏಳನೇ ದಿನದವರೆಗೆ ಅನುಭವಿಸಿದ್ದನ್ನು ಹಗುರ ಮಾಡಿ ಹೇಳಲು ಇಷ್ಟವಿಲ್ಲ. ವಾಂತಿ, ನಿದ್ದೆ ಇಲ್ಲ, ಯಾರು ಮಾತಾಡಿಸಿದರೂ ಸಿಟ್ಟು. ಡಾಕ್ಟರು ವಾಂತಿ ತಡೆಯುವ ಮಾತ್ರೆ ಕೊಟ್ಟಿದ್ದರು. ಯಜಮಾನರು ರಜೆ ಹಾಕಿ ಮನೆಯಲ್ಲಿದ್ದರು. ಹತ್ತನೇ ದಿನ ಬೆಳಗ್ಗೆ ಎದ್ದಾಗ ತಲೆಯಲ್ಲಿ ಏನೂ ಇರಲಿಲ್ಲ. ನೋವಿಲ್ಲದ ತಲೆ ಹೇಗಿರುತ್ತದೆ ಅನ್ನುವುದೇ ಮರೆತುಹೋಗಿತ್ತು. ಮಂಚದ ಮೇಲೆ ಸುಮ್ನೆ ಕೂತು ಹಂಚಿನ ಮೇಲೆ ಬೀಳುವ ಮಳೆ ಕೇಳಿದೆ. ಒಂದು ಎಚ್ಚರಿಕೆ: ನಿದ್ದೆ ಮಾತ್ರೆ ಅಥವಾ ಟ್ರಮಡಾಲ್ ತರಹದ ಬಲವಾದ ಮಾತ್ರೆ ರೂಢಿಯಾಗಿದ್ದರೆ ನಾನು ಬಿಟ್ಟ ಹಾಗೆ ಒಮ್ಮೆಲೇ ಬಿಡಬಾರದು, ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಅದೇ ವಾರ ಅಮಿಟ್ರಿಪ್ಟಿಲಿನ್ ಶುರುವಾಯಿತು, 10 ಮಿಲಿಗ್ರಾಂ. ಮೆಡಿಕಲ್‌ನ ಹುಡುಗ ಚೀಟಿ ನೋಡಿ "ಇದು ಡಿಪ್ರೆಶನ್ ಮಾತ್ರೆ ಮೇಡಂ" ಅಂದ. ಆ ಮಾತು ಮನೆ ತಲುಪಿತು. ಅತ್ತೆ ಹತ್ತಿರ ಕೂತು ಮೆಲ್ಲಗೆ ಕೇಳಿದರು, "ಏನವ್ವ, ಮನಸ್ಸಿಗೆ ಬೇಜಾರಾಗುವಂಥದ್ದು ನಮ್ಮಿಂದ ಏನಾದರೂ ಆಯ್ತಾ?" ಖಿನ್ನತೆಗೆ ಕೊಡುವ ಪ್ರಮಾಣ ಇದಕ್ಕಿಂತ ಎಷ್ಟೋ ಜಾಸ್ತಿ, ತಲೆನೋವು ತಡೆಯಲು ಸ್ವಲ್ಪ ಸಾಕು, ಅದು ನರಗಳ ನೋವಿನ ದಾರಿಯ ಮೇಲೆ ಕೆಲಸ ಮಾಡುತ್ತದೆ ಅಂತ ನನಗೆ ಗೊತ್ತಾದಷ್ಟು ಹೇಳಿದೆ. ಈ ಒಂದು ಹೆಸರಿಗೆ ಹೆದರಿ ಎರಡೇ ದಿನಕ್ಕೆ ಬಿಟ್ಟವರನ್ನು ನಾನು ಬಲ್ಲೆ. ದಯವಿಟ್ಟು ಬಿಡಬೇಡಿ.

ಮಲಗುವ ಹೊತ್ತಿಗೆ ನುಂಗಿದರೆ ಬೆಳಗ್ಗೆ ಮಂಪರು ಉಳಿಯುತ್ತಿತ್ತು. ಸಂಜೆ ಎಂಟಕ್ಕೆ ಬದಲಾಯಿಸಿದೆ, ಸರಿಹೋಯಿತು. ಬಾಯಿ ಒಣಗುವುದು ಇನ್ನೂ ಇದೆ. ತೂಕ ಒಂದೂವರೆ ಕಿಲೋ ಏರಿದೆ. ಮೊದಲ ಆರು ವಾರ ವ್ಯತ್ಯಾಸ ಅಷ್ಟೇನೂ ಕಾಣಲಿಲ್ಲ. ಅಲ್ಲಿ ತಾಳ್ಮೆ ಬೇಕು. ಪ್ರಮಾಣ 25ಕ್ಕೆ ಏರಿಸಿದರು. ಮೂರನೇ ತಿಂಗಳು 11 ದಿನ, ಆರನೇ ತಿಂಗಳು 7 ದಿನ. ಮಲಗಿದ್ದು ಎರಡೇ ದಿನ. ಖರ್ಚು ತಿಂಗಳಿಗೆ ನೂರು ರೂಪಾಯಿಗೂ ಕಡಿಮೆ. ಇದೂ ಹಿಡಿಸದಿದ್ದರೆ ಬೊಟಾಕ್ಸ್ ಇದೆ ಅಂದಿದ್ದರು. ತಲೆ, ಹಣೆ, ಕುತ್ತಿಗೆಯ 31 ಕಡೆ ಚುಚ್ಚುವುದು, 12 ವಾರಕ್ಕೊಮ್ಮೆ. ನನಗೆ ಅದರ ಅಗತ್ಯ ಬೀಳಲಿಲ್ಲ.

ಈಗಲೂ ಜೋರು ನೋವು ಬಂದಾಗ ರೈಜಾಟ್ರಿಪ್ಟಾನ್ ಅನ್ನುವ ಟ್ರಿಪ್ಟಾನ್ ಮಾತ್ರೆ ನುಂಗುತ್ತೇನೆ. ನೋವು ಏರುವ ಮೊದಲೇ ನುಂಗಿದರೆ ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ. ಏರಿದ ಮೇಲಾದರೆ ಅಷ್ಟಕ್ಕಷ್ಟೆ. ಹಳೆಯ ಕೆಫೀನ್ ಮಾತ್ರೆ ಇಷ್ಟು ಚೊಕ್ಕವಾಗಿ ನೋವು ತೆಗೆಯುತ್ತಿರಲಿಲ್ಲ, ಸಂಜೆಗೆ ಮತ್ತೆ ಬರುತ್ತಿತ್ತು. ಹೃದಯದ ಕಾಯಿಲೆ ಇರುವವರಿಗೆ ಟ್ರಿಪ್ಟಾನ್ ಆಗದು. ವಾರಕ್ಕೆ ಎರಡು ದಿನ ದಾಟುವುದಿಲ್ಲ ಅಂತ ನಾನು ಗೆರೆ ಹಾಕಿಕೊಂಡಿದ್ದೇನೆ.

ಇನ್ನು ಕಾಫಿ. ಚಿಕ್ಕಮಗಳೂರಿನವಳಾಗಿ ಇದನ್ನು ಬರೆಯುವುದು ಕಷ್ಟ. ದಿನಕ್ಕೆ ಆರು ಲೋಟ ಕುಡಿಯುತ್ತಿದ್ದೆ, ಅದರಲ್ಲೂ ರೋಬಸ್ಟಾ ಜಾಸ್ತಿ ಇರುವ ಪುಡಿ. ರೋಬಸ್ಟಾ ಜಾತಿಯ ಕಾಫಿಯಲ್ಲಿ ಅರೇಬಿಕಾ ಜಾತಿಯದರ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಭಾನುವಾರ ತಡವಾಗಿ ಎದ್ದರೆ ತಲೆನೋವು ಖಂಡಿತ ಇರುತ್ತಿತ್ತು, ನಿದ್ದೆ ಜಾಸ್ತಿಯಾಯಿತು ಅಂದುಕೊಳ್ಳುತ್ತಿದ್ದೆ. ಬೆಳಗಿನ ಕಾಫಿ ತಡವಾಗಿದ್ದೂ ಕಾರಣ ಅಂತ ಆಮೇಲೆ ತಿಳಿಯಿತು. ಒಂದು ತಿಂಗಳ ಕಾಲ ವಾರಕ್ಕೊಂದು ಲೋಟ ಕಡಿಮೆ ಮಾಡುತ್ತಾ ಬಂದು ಎರಡಕ್ಕೆ ನಿಲ್ಲಿಸಿದೆ. ಬೆಳಗ್ಗೆ ಏಳಕ್ಕೆ ಒಂದು, ಮೂರು ಗಂಟೆಗೆ ಒಂದು, ಭಾನುವಾರವೂ ಅದೇ ಹೊತ್ತಿಗೆ. ಪುಡಿಯಲ್ಲಿ ಅರೇಬಿಕಾ ಹೆಚ್ಚಿಸಿದೆ, ಚಿಕೋರಿಯನ್ನು ಹಾಗೇ ಇಟ್ಟುಕೊಂಡೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಭಾನುವಾರದ ಚುಕ್ಕೆಗಳು ಹೆಚ್ಚುಕಡಿಮೆ ನಿಂತೇ ಹೋದವು.

ಬೆಂಗಳೂರಿನವರೆಗೂ ಹೋಗಲಾಗದವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಲಕ್ವ, ಮೂರ್ಛೆರೋಗದ ಜೊತೆಗೆ ತಲೆನೋವನ್ನೂ ಸೇರಿಸಿದ್ದಾರೆ. ಒಮ್ಮೆಲೇ ಸಿಡಿಲು ಬಡಿದ ಹಾಗೆ ಬರುವ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿಯುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ಬರುವ ನೋವು ಇದ್ದರೆ ಕ್ಯಾಲೆಂಡರ್ ಬರೆಯುತ್ತಾ ಕೂರಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ತಡಮಾಡದೆ ತೋರಿಸಿ.

ಹೂಮಳೆ ಬಿದ್ದು ಕಾಫಿ ಹೂ ಅರಳಿದ ವಾರ ನನಗೆ ವರ್ಷದಲ್ಲೇ ಕೆಟ್ಟ ವಾರ. ಆ ಗಾಢ ಪರಿಮಳಕ್ಕೆ ಎರಡು ದಿನ ಮಲಗುತ್ತಿದ್ದೆ. ಈ ವರ್ಷ ಆಲ್ದೂರಿನ ತಂಗಿ ಮನೆಗೆ ಆ ಹೊತ್ತಿನಲ್ಲೇ ಹೋಗಬೇಕಾಯಿತು. ತೋಟವೆಲ್ಲ ಬೆಳ್ಳಗಾಗಿತ್ತು. ಒಂದು ಅಡ್ಡಗೆರೆ ಬಿತ್ತು, ಎರಡನೆಯದು ಬೀಳಲಿಲ್ಲ. ಮುಂದಿನ ತಿಂಗಳಿನಿಂದ ಅಮಿಟ್ರಿಪ್ಟಿಲಿನ್ ಪ್ರಮಾಣ 25ರಿಂದ 10ಕ್ಕೆ ಇಳಿಸೋಣ ಅಂದಿದ್ದಾರೆ ಡಾಕ್ಟರು. ಕ್ಯಾಲೆಂಡರಿನ ಪಕ್ಕ ಪೆನ್ಸಿಲ್ ಕಟ್ಟಿಟ್ಟಿದ್ದೇನೆ.