ಒಂದೇ ಕಾಲುವೆ ದಾರಿ, ಮೂರು ಹಳೆಯ ಇಂಗ್ಲಿಷ್ ಸೈಕಲ್‌ಗಳು

ಇಂಗ್ಲೆಂಡಿನ ಬಾತ್‌ನಿಂದ ಬ್ರಾಡ್‌ಫರ್ಡ್ ಆನ್ ಏವನ್‌ಗೆ ಕಾಲುವೆ ದಂಡೆಯಲ್ಲಿ ಸುಮಾರು 15 ಕಿಲೋಮೀಟರ್. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ ಅದು. ಹೆಚ್ಚಿನ ಕಡೆ ಡಾಂಬರಿಲ್ಲ, ಜಲ್ಲಿಪುಡಿ. ಕಳೆದ ಬೇಸಿಗೆಯಲ್ಲಿ ನನ್ನ ಮೂರು ಸೈಕಲ್‌ಗಳನ್ನೂ ಇಲ್ಲೇ ಮತ್ತೆ ಮತ್ತೆ ಓಡಿಸಿದೆ. 1950ರ ದಶಕದ ರೋಡ್‌ಸ್ಟರ್, 60ರ ದಶಕದ ಮೋಲ್ಟನ್, 70ರ ದಶಕದ ರ್‍ಯಾಲಿ ಟ್ವೆಂಟಿ. ನಮ್ಮ ಮನೆಯಲ್ಲಿ ಒಂದಕ್ಕಷ್ಟೇ ಜಾಗ. ಯಾವುದನ್ನು ಇಟ್ಟುಕೊಳ್ಳುವುದು?

ರೋಡ್‌ಸ್ಟರ್ ಬಗ್ಗೆ ನಮ್ಮವರಿಗೆ ಜಾಸ್ತಿ ಹೇಳಬೇಕಿಲ್ಲ. 28 ಇಂಚಿನ ಚಕ್ರ, ಕೇಬಲ್ ಬದಲು ಕಬ್ಬಿಣದ ಸರಳು ಎಳೆಯುವ ರಾಡ್ ಬ್ರೇಕ್, ಕಪ್ಪು ಬಣ್ಣದ ಮೇಲೆ ಚಿನ್ನದ ಗೆರೆ. ನಮ್ಮೂರಲ್ಲಿ ಹಾಲಿನ ಕ್ಯಾನ್ ಹೊತ್ತದ್ದು, ನಾವು ಒಳಪೆಡಲ್ ಹೊಡೆದು ಕಲಿತದ್ದು ಇದರದೇ ರೂಪದ ಸೈಕಲ್ ಮೇಲೆ. ಹರ್ಕ್ಯುಲಿಸ್ ಸೈಕಲ್ ಮೂಲತಃ ಬರ್ಮಿಂಗ್‌ಹ್ಯಾಮ್‌ನದು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಶುರುವಾದ ಮೇಲೆ ಅದು ನಮ್ಮಲ್ಲೇ ತಯಾರಾಯಿತು. ಹಾಗಾಗಿ ಇಲ್ಲಿ ಮೊದಲ ಸಲ ರೋಡ್‌ಸ್ಟರ್ ಹತ್ತಿದಾಗ ನನ್ನ ಕೈಗೆ ಎಲ್ಲವೂ ಗೊತ್ತಿತ್ತು. ಬೆನ್ನು ನೆಟ್ಟಗೆ, ಕಣ್ಣಿನ ಮಟ್ಟಕ್ಕೆ ಬೇಲಿಯಾಚೆಯ ಹೊಲ. ದೊಡ್ಡ ಚಕ್ರ ಜಲ್ಲಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಸಮದಾರಿಯಲ್ಲಿ ಇದರಷ್ಟು ಹಾಯಾದದ್ದು ಬೇರೆ ಇಲ್ಲ.

ಆದರೆ ಬಾತ್ ಗುಡ್ಡಗಳ ಊರು. ಬಾತ್‌ವಿಕ್ ಹಿಲ್ ಏರುವಾಗ ಪ್ರತಿ ಸಲ ಇಳಿದು ತಳ್ಳಿದೆ. ಇಳಿಯುವಾಗ ಇನ್ನೊಂದು ಕಷ್ಟ. ಒಂದು ದಿನ ಮಳೆಯಲ್ಲಿ ಎರಡೂ ಬ್ರೇಕ್ ಹಿಡಿದರೂ ಸೈಕಲ್ ನಿಲ್ಲಲಿಲ್ಲ, ಚಪ್ಪಲಿ ಉಜ್ಜಿಯೇ ನಿಲ್ಲಿಸಿದೆ. ಕ್ರೋಮ್ ಹಾಕಿದ ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕಿನ ರಬ್ಬರ್ ಜಾರುತ್ತದೆ. ಅದು ಆ ಕಾಲದ ಹೆಚ್ಚಿನ ಸೈಕಲ್‌ಗಳ ಕಥೆ. ಕೇಬಲ್ ಬ್ರೇಕ್ ಇದ್ದರೆ ಅಲ್ಯೂಮಿನಿಯಂ ರಿಮ್ ಹಾಕಿಸಬಹುದು. ರಾಡ್ ಬ್ರೇಕ್ ರಿಮ್ಮನ್ನು ಒಳಮೈಯಿಂದ ಒತ್ತುವುದರಿಂದ ಅದಕ್ಕೇ ಮಾಡಿದ ಆಕಾರದ ರಿಮ್ ಬೇಕು.

ಮೋಲ್ಟನ್ ಈ ದಾರಿಯ ಕೊನೆಯ ಊರಿನಲ್ಲೇ ಹುಟ್ಟಿದ್ದು. ಅಲೆಕ್ಸ್ ಮೋಲ್ಟನ್ ಎಂಜಿನಿಯರ್. 1959ರ ಮಿನಿ ಕಾರಿಗೆ ರಬ್ಬರ್ ಸಸ್ಪೆನ್ಷನ್ ಮಾಡಿದವರು. ಅದಕ್ಕೂ ಮೊದಲು, 1956ರ ಸೂಯೆಜ್ ಕಾಲುವೆಯ ಗಲಾಟೆಯಲ್ಲಿ ಪೆಟ್ರೋಲ್‌ಗೆ ರೇಷನ್ ಬಂದಾಗ, ಸೈಕಲ್ ಹತ್ತಿದರು. ಇದು ಯಾಕೆ ಹೀಗೇ ಇರಬೇಕು ಎಂದು ಯೋಚಿಸತೊಡಗಿದರು. 1962ರಲ್ಲಿ ಉತ್ತರ ಬಂತು. 16 ಇಂಚಿನ ಚಕ್ರ, ಗಟ್ಟಿಯಾಗಿ ಗಾಳಿ ತುಂಬುವ ಟೈರು, ಹಿಂದೆ ಮುಂದೆ ರಬ್ಬರ್ ಸಸ್ಪೆನ್ಷನ್, ಮಲಗಿಸಿದ ಇಂಗ್ಲಿಷ್ ‘ಎಫ್’ ಅಕ್ಷರದಂಥ ಫ್ರೇಮ್. ಚಿಕ್ಕ ಚಕ್ರ ಬೇಗ ವೇಗ ಹಿಡಿಯುತ್ತದೆ. ಗಟ್ಟಿ ಟೈರು ಹಗುರವಾಗಿ ಉರುಳುತ್ತದೆ. ಕುಲುಕನ್ನು ರಬ್ಬರ್ ನುಂಗುತ್ತದೆ. ಒಂದನ್ನು ತೆಗೆದರೆ ಉಳಿದೆರಡಕ್ಕೆ ಅರ್ಥವಿಲ್ಲ. ನನಗೆ ಇದು ಚಂದ ಕಾಣುವುದೂ ಅದಕ್ಕೇ. ಇದರ ಮೈಮೇಲೆ ಸುಮ್ನೆ ಎಳೆದ ಗೆರೆ ಒಂದೂ ಇಲ್ಲ.

ಜಲ್ಲಿಯ ಮೇಲೆ ಇದು ರೋಡ್‌ಸ್ಟರ್‌ನಷ್ಟೇ ಮೆತ್ತಗೆ ಹೋಯಿತು, ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಏರಿನಲ್ಲಿ ಇಳಿಯಬೇಕಾಗಲೇ ಇಲ್ಲ. ರೋಡ್‌ಸ್ಟರ್‌ಗೂ ಟ್ವೆಂಟಿಗೂ ಇರುವುದು ಸ್ಟರ್ಮಿ ಆರ್ಚರ್ ಕಂಪನಿಯ ಎಡಬ್ಲ್ಯೂ ಮಾದರಿಯ ಮೂರು ಗೇರಿನ ಹಬ್, ಅಂದರೆ ಗೇರ್‌ಗಳನ್ನು ಒಳಗಿಟ್ಟುಕೊಂಡ ಹಿಂಚಕ್ರದ ನಡುಭಾಗ. ಅದರ ಕೆಳಗಿನ ಗೇರ್ ನಡುವಿನದರ ಮುಕ್ಕಾಲು ಪಾಲು. ನನ್ನ ಮೋಲ್ಟನ್‌ನಲ್ಲಿರುವುದು ನಾಲ್ಕು ಗೇರಿನ ಹಬ್, ಅದರಲ್ಲಿ ಮೂರರಲ್ಲಿ ಎರಡು ಪಾಲಿನವರೆಗೆ ಇಳಿಯಬಹುದು. ಕೇಳಲು ಚಿಕ್ಕ ವ್ಯತ್ಯಾಸ, ಮೊಣಕಾಲಿಗೆ ದೊಡ್ಡದು. ಮತ್ತೊಂದು ಖುಷಿ: ಈ ಹಬ್‌ಗಳ ಮೇಲೆ ತಯಾರಾದ ವರ್ಷ ಕೆತ್ತಿರುತ್ತದೆ. ಹಳೆಯ ಸೈಕಲ್ ಕೊಳ್ಳುವವರು ಮೊದಲು ಚಿಂದಿಯಿಂದ ಹಬ್ ಒರೆಸಿ ನೋಡಿ.

ಟ್ವೆಂಟಿ ಎಂದರೆ ನಾಟಿಂಗ್‌ಹ್ಯಾಮ್‌ನ ರ್‍ಯಾಲಿ ಕಂಪನಿ ಮೋಲ್ಟನ್‌ಗೆ ಕೊಟ್ಟ ಜವಾಬು. ಮೋಲ್ಟನ್ ಜನಪ್ರಿಯವಾದ ಮೇಲೆ ರ್‍ಯಾಲಿ 1965ರಲ್ಲಿ ಆರ್‌ಎಸ್‌ಡಬ್ಲ್ಯೂ 16 ಎಂಬ ಸೈಕಲ್ ತಂದಿತು, ಸಸ್ಪೆನ್ಷನ್ ಬದಲು ದಪ್ಪ ಟೈರು. 1967ರಲ್ಲಿ ಮೋಲ್ಟನ್‌ರ ಸೈಕಲ್ ವ್ಯವಹಾರವನ್ನೇ ಕೊಂಡಿತು. ಆಮೇಲೆ ಬಂದದ್ದು 20 ಇಂಚಿನ ಟ್ವೆಂಟಿ. ನನ್ನದು ಕಂದುಹಸಿರು, ಮುಂದೆ ಕೊಕ್ಕರೆಯ ಲಾಂಛನ. ಗಟ್ಟಿ ಫ್ರೇಮ್, ಹಿಂದೆ ಕ್ಯಾರಿಯರ್, ಮನೆಯಲ್ಲಿ ಯಾರು ಬೇಕಾದರೂ ಸೀಟು ಏರಿಸಿ ಇಳಿಸಿ ಓಡಿಸಬಹುದು. ಭಾರ ಜಾಸ್ತಿ. ಜಲ್ಲಿಯಲ್ಲಿ ಕೈ ಜುಮ್ಮೆನ್ನುತ್ತದೆ. ಸಂತೆಗೆ ಹೋಗಿ ಆಲೂಗಡ್ಡೆ ತರಲು ಮಾತ್ರ ಮೂರರಲ್ಲಿ ಇದೇ ಮೇಲು.

ಮೊದಲ ಸಲ ಹಳೆಯ ಸೈಕಲ್ ಕೊಳ್ಳುವವರಿಗೆ ಟ್ವೆಂಟಿಯನ್ನೇ ಹೇಳುತ್ತೇನೆ. ಹುಡುಕಿದರೆ ಸಿಗುತ್ತದೆ, ರಿಪೇರಿ ಸುಲಭ. ಮೋಲ್ಟನ್ ಕೊಳ್ಳುವುದಾದರೆ ಹಿಂದಿನ ಫೋರ್ಕ್‌ನಲ್ಲಿ ಬಿರುಕಿದೆಯೇ, ರಬ್ಬರ್ ಇನ್ನೂ ಮೆದುವಿದೆಯೇ ನೋಡಿ. ಟೈರಿನ ಚಿಂತೆ ಬೇಡ, ಈಗಿನ ಬ್ರಾಂಪ್ಟನ್ ಮಡಚುವ ಸೈಕಲ್‌ನ ಅಳತೆಯದೇ ಹಿಡಿಸುತ್ತದೆ.

ನಾನು ಇಟ್ಟುಕೊಂಡಿದ್ದು ಮೋಲ್ಟನ್. ಟ್ವೆಂಟಿಯನ್ನು ಪಕ್ಕದ ಮನೆಯವರು ಒಯ್ದರು. ರೋಡ್‌ಸ್ಟರ್ ಮುಂದಿನ ತಿಂಗಳು ಕೇಂಬ್ರಿಡ್ಜ್‌ನ ಗೆಳೆಯನಿಗೆ ಹೋಗುತ್ತದೆ. ಅಲ್ಲಿ ಗುಡ್ಡಗಳಿಲ್ಲ.