ಹೊಲಿಗೆ ಲೈನಿನ ಟೆನ್ಷನ್ ಅಳೆದು ನೋಡಿದೆ: ಫಾರಂ, ಕೈಪಟ್ಟಿ, ಮಾತು

ನಾನು ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ವೆಲ್ಫೇರ್ ಆಫೀಸರ್. ರಜೆ ಕೇಳಲು ಬಂದ ಹೆಣ್ಣುಮಕ್ಕಳು ನನ್ನ ಟೇಬಲ್ ಮುಂದೆ ಅತ್ತುಬಿಡುತ್ತಿದ್ದರು. ಮೇಲಿನವರಿಗೆ ಹೇಳಿದರೆ ಲೆಕ್ಕ ಕೊಡಿ ಎಂದರು. ಸರಿ, ಅಳೆದೇ ನೋಡೋಣ ಅಂತ ಹೊರಟೆ.

ಮೊದಲು ಹಿಡಿದದ್ದು ಪಿಎಸ್‌ಎಸ್-10, ಮನಸ್ಸಿನ ಒತ್ತಡ ಅಳೆಯುವ ಒಂದು ಫಾರಂ. ಕಳೆದ ಒಂದು ತಿಂಗಳ ಬಗ್ಗೆ 10 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4 ಅಂಕ, ಒಟ್ಟು 40. ನಾಲ್ಕು ಪ್ರಶ್ನೆಗಳು ಒಳ್ಳೆಯದನ್ನು ಕೇಳುತ್ತವೆ, ಅವುಗಳ ಅಂಕವನ್ನು ತಿರುವಿ ಹಾಕಬೇಕು. ಎಡವಿದ್ದು ಉತ್ತರ ಆರಿಸುವಲ್ಲಿ. 'ಅಪರೂಪಕ್ಕೆ', 'ಆಗಾಗ' ನಡುವೆ ಆರಿಸಲಾಗದೆ ತುಂಬಾ ಜನ ನಡುವಿನ ಮನೆಗೇ ಟಿಕ್ ಹಾಕಿದರು. ಆಫೀಸ್ ಸಿಬ್ಬಂದಿಗೆ ಇದು ಚೆನ್ನಾಗಿಯೇ ಹೊಂದಿತು, ಲೈನಿಗೆ ಹೊಂದಲಿಲ್ಲ.

ಎದೆಬಡಿತ ತೋರಿಸುವ ಕೈಪಟ್ಟಿಯನ್ನೂ ಕೆಲವರಿಗೆ ಕಟ್ಟಿದೆ. ಐರನಿಂಗ್ ಸೆಕ್ಷನ್ನಿನಲ್ಲಿ ಬಡಿತ ಜಾಸ್ತಿ ಬಂತು. ಅಲ್ಲಿ ಹಬೆ, ಸೆಕೆ, ದಿನವಿಡೀ ನಿಂತೇ ಕೆಲಸ. ಅದು ದಣಿವೋ ಟೆನ್ಷನ್ನೋ ಪಟ್ಟಿಗೆ ಗೊತ್ತಾಗಲ್ಲ. ಜೊತೆಗೆ, ನಮ್ಮನ್ನು ಕಾಯೋಕೆ ಕಟ್ಟಿದ್ದಾರೆ ಅನ್ನೋ ಭಯ ಬೇರೆ. ಎರಡೇ ದಿನಕ್ಕೆ ಬಿಚ್ಚಿಸಿದೆ.

ಕೊನೆಗೆ ನಾನು ಉಳಿಸಿಕೊಂಡದ್ದು ವಿಶ್ವ ಆರೋಗ್ಯ ಸಂಸ್ಥೆಯ ಎಸ್‌ಆರ್‌ಕ್ಯೂ-20, ಮನಸ್ಸಿನ ತೊಂದರೆ ಇದೆಯಾ ಅಂತ ಗುರುತಿಸುವ ಫಾರಂ. 20 ಪ್ರಶ್ನೆ, ಉತ್ತರ ಹೌದು ಅಥವಾ ಇಲ್ಲ. ತಲೆನೋವು ಬರುತ್ತಾ, ನಿದ್ದೆ ಸರಿ ಇಲ್ವಾ, ಅಳು ಜಾಸ್ತಿ ಬರುತ್ತಾ? ಓದಲು ಬಾರದವರಿಗೂ ಓದಿ ಹೇಳಬಹುದು. ನನ್ನ ಕ್ಯಾಬಿನ್ನಿನಲ್ಲಿ ಕೇಳಿದಾಗ ಎಲ್ಲದಕ್ಕೂ "ಇಲ್ಲ ಮೇಡಂ." ಹೆಸರು ಬರೆಯದೆ, ಊಟದ ಹೊತ್ತಿನಲ್ಲಿ, ಅವರ ಜೊತೆಯ ಟೈಲರ್ ಒಬ್ಬರಿಂದಲೇ ಒಬ್ಬೊಬ್ಬರನ್ನಾಗಿ ಕೇಳಿಸಿದೆ. ಉತ್ತರವೇ ಬದಲಾಯಿತು.

"ತಲೆನೋವು ದಿನಾ ಇದ್ದದ್ದೇ ಅಕ್ಕ, ನೀರು ಕುಡಿಯಲ್ಲ ನಾನು" ಅಂದರಂತೆ ಒಬ್ಬರು. ಯಾಕೆ? ಟಾಯ್ಲೆಟ್‌ಗೆ ಎದ್ದರೆ ಹೊಲಿಯಬೇಕಾದ ಬಟ್ಟೆಯ ಬಂಡಲ್ ಬಾಕಿ ಬೀಳುತ್ತೆ, ಸೂಪರ್‌ವೈಸರ್ ಕೂಗುತ್ತಾರೆ. ಈ ಕಾರಣ 20 ಪ್ರಶ್ನೆಗಳಲ್ಲಿ ಎಲ್ಲೂ ಇಲ್ಲ. ಆ ಫಾರಂ ಕೇಳುವುದು ಮೈಮನಸ್ಸಿನ ಬಗ್ಗೆ, ಕೆಲಸದ ಜಾಗ ಹೇಗಿದೆ ಅಂತ ಅಲ್ಲ. ಕೆಲಸದ ಒತ್ತಡ ಜಾಸ್ತಿ, ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದಲ್ಲೇ ಜನ ಹೆಚ್ಚು ನಲುಗುತ್ತಾರೆ ಎಂದು ಸಂಶೋಧಕ ರಾಬರ್ಟ್ ಕಾರಸೆಕ್ 1979ರಲ್ಲೇ ಬರೆದಿದ್ದರು. ಅದನ್ನು ನೆನೆದು ನಾನು ಎರಡು ಪ್ರಶ್ನೆ ಸೇರಿಸಿದೆ: ಗಂಟೆಯ ಟಾರ್ಗೆಟ್ ಮುಟ್ಟೋಕೆ ಆಗುತ್ತಾ? ಬೇಕೆಂದಾಗ ಸೀಟ್ ಬಿಟ್ಟು ಏಳಬಹುದಾ? ಇವುಗಳ ಅಂಕವನ್ನು 20ರ ಜೊತೆ ಕೂಡಿಸುವುದಿಲ್ಲ, ಬೇರೆಯೇ ಇಡುತ್ತೇನೆ. ಲೈನ್ ಲೈನಿಗೂ ಇರುವ ವ್ಯತ್ಯಾಸ ಕಂಡದ್ದು ಇವುಗಳಿಂದಲೇ.

ಒಂದು ಎಚ್ಚರಿಕೆ. ಎಸ್‌ಆರ್‌ಕ್ಯೂವಿನ 17ನೇ ಪ್ರಶ್ನೆ ಸಾಯುವ ಯೋಚನೆ ಬಂದಿತ್ತಾ ಅಂತ ಕೇಳುತ್ತದೆ. ಹೌದು ಅಂದವರನ್ನು ಆ ಕ್ಷಣವೇ ಕೂರಿಸಿಕೊಂಡು ಮಾತಾಡಲು ಯಾರಾದರೂ ಇರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೈಯಲ್ಲಿರಬೇಕು, ಡಾಕ್ಟರ ಹತ್ತಿರ ಕರೆದೊಯ್ಯುವ ಏರ್ಪಾಡೂ ಇರಬೇಕು. ಅಷ್ಟಿಲ್ಲದಿದ್ದರೆ ಈ ಫಾರಂ ಮುಟ್ಟಲೇಬೇಡಿ.

ಮುಂದಿನ ತಿಂಗಳು ಸೂಪರ್‌ವೈಸರ್‌ಗಳನ್ನೂ ಕೇಳುತ್ತೇವೆ. ಗಂಟೆಯ ಟಾರ್ಗೆಟ್ ಬರೆಯುವ ಆ ಬೋರ್ಡ್ ಅವರ ತಲೆಯ ಮೇಲೂ ಇದೆ.